ಗೇಟು ತೆಗೀಬೇಡ

ಮಡಿಸುವ ಕೆಲಸ ಹಗುರ ಅಂತ ತಿಳಿದವರು ಒಮ್ಮೆ ಆಸ್ಪತ್ರೆಯ ಲಾಂಡ್ರಿಗೆ ಬಂದು ದೊಡ್ಡಕ್ಕನ ಎದುರು ನಿಂತು ನೋಡಬೇಕು. ಇಸ್ತ್ರಿ ಮಾಡುವ ಉರುಳೆ ಯಂತ್ರದಿಂದ ಹೊರಬರುವ ಬೆಡ್‌ಶೀಟು ಕೈ ಸುಡುವಷ್ಟು ಬಿಸಿ ಇರುತ್ತದೆ. ಇಬ್ಬರು ಎದುರುಬದುರು ನಿಂತು, ತಲಾ ಎರಡು ಮೂಲೆ ಹಿಡಿದು, ಸೆಳೆದು, ಕೂಡಿಸಿ, ಮತ್ತೆ ಕೂಡಿಸಿ ಗಾಡಿಗೆ ಹಾಕಬೇಕು. ಮೂಲೆ ಒಂದು ಬೆರಳು ಆಚೀಚೆ ಆಯಿತೋ, ದೊಡ್ಡಕ್ಕ ಬೈಯುವುದಿಲ್ಲ, ಮುಖ ಕೂಡ ಗಂಟಿಕ್ಕುವುದಿಲ್ಲ. ಬಟ್ಟೆಯನ್ನು ಪಟಾರನೆ ಕೊಡವಿ ಮೊದಲಿಂದ ಶುರು ಮಾಡುತ್ತಾಳೆ. ಎದುರಿಗೆ ನಿಂತವರಿಗೆ ಎರಡು ಮಾತು ಬೈಸಿಕೊಂಡಿದ್ದರೇ ವಾಸಿಯಿತ್ತು ಅನ್ನಿಸುತ್ತದೆ. ಅವಳಿಗಿಂತ ಹಿರಿಯರು ಅಲ್ಲಿ ಬೇಕಾದಷ್ಟು ಜನ ಇದ್ದರೂ ಅವಳೇ ಎಲ್ಲರಿಗೂ ದೊಡ್ಡಕ್ಕ. ಹಿಡಿದದ್ದನ್ನು ಬಿಡುವ ಜಾಯಮಾನ ಅವಳದಲ್ಲ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ದೋಣಿ ಅಂಗಳದ ಹೊಸ ಮಾಲೀಕನಿಗೆ ಮಾತ್ರ.

ಅವಳ ಮನೆ ಹೊಳೆಯ ಕಡೆ, ಲಾಂಡ್ರಿ ಕಡಲ ಕಡೆ. ನಡುವೆ ಒಂದು ಕಾಲುದಾರಿ. ಹಳೇ ಸೇತುವೆಯ ಪಕ್ಕದ ಮೆಟ್ಟಿಲಿಳಿದರೆ ಹೊಳೆಯ ಕಟ್ಟೆ. ಕಟ್ಟೆಯ ಮೇಲೇ ನಡೆಯುತ್ತಾ ಬಂದರೆ ಮನೆಗಳ ಹಿತ್ತಿಲು, ಒಣಹಾಕಿದ ಬಟ್ಟೆ, ಯಾರದೋ ಮನೆಯ ರೇಡಿಯೋ. ಆಮೇಲೆ ಉಪ್ಪುನೀರಿನ ಗಿಡಗಳ ಸಾಲು. ಅಲ್ಲಿ ಹೊಳೆ ಅಗಲವಾಗುತ್ತಾ ಹೋಗಿ ನೀರಿನ ಬಣ್ಣ ಬೇರೆಯಾಗುತ್ತದೆ. ಅದು ದಾಟಿದರೆ ದೋಣಿ ರಿಪೇರಿಯ ಅಂಗಳ. ಬೋರಲು ಹಾಕಿದ ದೋಣಿಗಳ ನಡುವೆ, ಮರದ ಹೊಟ್ಟು ತುಳಿಯುತ್ತಾ, ಡಾಂಬರಿನ ವಾಸನೆ ಕುಡಿಯುತ್ತಾ ಹಾದುಹೋದರೆ ಎದುರಿಗೇ ಕಡಲ ತಡೆಗೋಡೆ, ಅದರ ಪಕ್ಕ ಶಾಲೆ, ಶಾಲೆಯ ಪಕ್ಕ ಆಸ್ಪತ್ರೆ. ಹೊಳೆಯ ಕಡೆಯವರು ಅಜ್ಜ ಮುತ್ತಜ್ಜನ ಕಾಲದಿಂದ ಹೀಗೇ ನಡೆದವರು. ಇದು ಬಿಟ್ಟರೆ ಇರುವುದು ಹೆದ್ದಾರಿ. ಅಲ್ಲಿ ಲಾರಿಗಳಿಗೇ ಜಾಗ ಸಾಲದು, ಇನ್ನು ಮನುಷ್ಯರ ಕಾಲಿಗೆ ಎಲ್ಲಿಂದ ಬರಬೇಕು?

ಹಳೆಯ ಮಾಲೀಕ ತೀರಿಕೊಂಡು ಅಂಗಳ ಕೈ ಬದಲಾಯಿಸುವಾಗ ಹೊಳೆಯ ಕಡೆಯ ಗೇಟಿಗೆ ಕೆಲವು ದಿನ ಬೀಗ ಬಿದ್ದಿತ್ತು. ಜನ ಗೊಣಗಿದರು, ಬೈದರು, ಕೊನೆಗೆ ಹೆದ್ದಾರಿ ಹಿಡಿದರು. ದೊಡ್ಡಕ್ಕನ ಗಂಡ ಆಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಹೋಗಿ, ಒಳಗೆ ಕೂತಿದ್ದ ಕಾವಲಿನವನನ್ನು ಕೇಳಿದ. ಆಗಲ್ಲ ಅಂದ ಅವನು. ಇವನು ಇನ್ನೊಂದು ಸಲ ಕೇಳಿದ, ಸ್ವಲ್ಪ ಹೊತ್ತು ನಿಂತ, ತಲೆ ತಗ್ಗಿಸಿ ಹಿಂದಿರುಗಿ ಹೆದ್ದಾರಿಗೆ ಬಂದ. ಹಿಂದಿನಿಂದ ಬಂದ ಲಾರಿಯೊಂದು ಅವನನ್ನು ಸವರಿಕೊಂಡು ಹೋಯಿತು. ಜೀವ ಉಳಿಯಿತು, ಎಡಗಾಲು ಮಾತ್ರ ಸೊಂಟದಿಂದ ಕೆಳಗೆ ಹೇಳಿದ ಮಾತು ಕೇಳದ ಹಾಗಾಯಿತು. ಈಗ ಮನೆಯಲ್ಲೇ ಕೂತು ಛತ್ರಿ, ಜಿಪ್ಪು, ಮಿಕ್ಸಿ ರಿಪೇರಿ ಮಾಡುತ್ತಾನೆ. ಅವನ ನಾಲಗೆಗೆ ಮಾತ್ರ ಲಾರಿ ತಗುಲಲಿಲ್ಲ ಅಂತ ದೊಡ್ಡಕ್ಕ ಬಂದವರಿಗೆಲ್ಲ ಹೇಳುವುದುಂಟು.

ಹೊಸ ಮಾಲೀಕ ಬಂದವನೇ ಗೇಟು ತೆಗೆಸಿದ. ಎಂಥ ಮನುಷ್ಯ! ನಗುನಗುತ್ತಾ ಮಾತಾಡುತ್ತಾನೆ, ಮಕ್ಕಳ ತಲೆ ಸವರುತ್ತಾನೆ. ಗೇಟಿನ ಪಕ್ಕ ಒಂದು ಬೆಂಚು ಹಾಕಿಸಿದ, ಬೆಂಚಿನ ಪಕ್ಕ ಒಂದು ಫ್ಲಾಸ್ಕು ಟೀ ಇಡಿಸಿದ, ಮೇಲೊಂದು ಬೋರ್ಡು ಬರೆಸಿದ: ‘ನಡೆದು ಬರುವ ಎಲ್ಲರಿಗೂ ನಮ್ಮ ಅಂಗಳಕ್ಕೆ ಸ್ವಾಗತ.’ ಗೇಟು ನೋಡಿಕೊಳ್ಳಲು ದೊಡ್ಡಕ್ಕನ ತಮ್ಮನನ್ನೇ ಇಟ್ಟುಕೊಂಡ, ಅಂಗಳದ ಮೂಲೆಯಲ್ಲಿ ಇರಲಿಕ್ಕೆ ಎರಡು ಕೋಣೆ ಕೊಟ್ಟ. ತಮ್ಮನ ಹೆಂಡತಿ ಆಗ ಬಸುರಿ. ಹೊಳೆಯ ಕಡೆಯವರು ಹೇಳಿ ಕೇಳಿ ಮರ್ಯಾದಸ್ಥರು. ಬಂದು ಹೋಗುವಾಗೆಲ್ಲ ‘ನಿಮ್ಮ ದಯೆ ಸ್ವಾಮಿ’, ‘ನಿಮ್ಮಿಂದ ದೊಡ್ಡ ಉಪಕಾರ’ ಅಂತ ಕೈ ಮುಗಿದರು, ಹಲ್ಲು ಕಿರಿದರು, ಪುಕ್ಕಟೆ ಟೀ ಕುಡಿದರು. ದೊಡ್ಡಕ್ಕ ಕೂಡ ಕುಡಿದಳು, ಸುಳ್ಳು ಯಾಕೆ ಹೇಳಬೇಕು.

ಹೀಗಿರುವಾಗ ನಗರಸಭೆಯಿಂದ ಒಬ್ಬ ಹೆಂಗಸು ಬಂದಳು. ಅಗಲ ಅಂಚಿನ ಟೋಪಿ ಹಾಕಿದ್ದರಿಂದ ಬಂದ ದಿನವೇ ಅವಳ ಹೆಸರು ಟೋಪಿ ಮೇಡಂ ಆಯಿತು. ಹೊಳೆಯಿಂದ ಕಡಲಿಗೆ ಜನ ನಡೆಯುವ ಹಾದಿಗಳನ್ನೆಲ್ಲ ಗುರುತಿಸಿ, ದಾರಿ ತೋರಿಸುವ ಕಂಬ ನೆಟ್ಟು, ಊರಿನ ನಕಾಶೆಗೆ ಸೇರಿಸುವುದು ಅವಳ ಕೆಲಸ. ಒಮ್ಮೆ ನಕಾಶೆಗೆ ಬಂದ ಹಾದಿಯನ್ನು ಯಾರಪ್ಪ ಬಂದರೂ ಮುಚ್ಚುವ ಹಾಗಿಲ್ಲ. ಕೆಲಸ ಮುಗಿಸಿ ಮನೆಗೆ ಹೊರಟಿದ್ದ ದೊಡ್ಡಕ್ಕ ಅವಳ ಜೊತೆಗೂಡಿ ಅಂಗಳ ದಾಟಿದಳು. ಬೋರ್ಡಿನ ಎದುರು ಬಂದಾಗ ಮೇಡಂ ನಿಂತುಬಿಟ್ಟರು.

“ಈ ಬೋರ್ಡ್ ಯಾವಾಗ್ಲಿಂದ ಇದೆ?”

“ಹೊಸ ಮಾಲೀಕರು ಬಂದಾಗಿನಿಂದ ಮೇಡಂ. ತುಂಬಾ ಒಳ್ಳೆಯವರು. ಟೀ ಕೂಡ ಇಡಿಸ್ತಾರೆ,” ಅಂದಳು ದೊಡ್ಡಕ್ಕ.

“ಅದೇ ತೊಂದ್ರೆ ನೋಡಿ.”

“ಟೀ ಕೊಟ್ರೆ ಏನ್ ತೊಂದ್ರೆ?”

ಮೇಡಂ ಟೋಪಿ ತೆಗೆದು ಬೀಸಿಕೊಂಡರು. “ಜನ ಯಾರನ್ನೂ ಕೇಳ್ದೆ, ಇದು ನಮ್ಮ ದಾರಿ ಅಂತ ನಡೆದ್ರೆ ಅದು ಊರಿನ ದಾರಿ. ಗೇಟು ಹಾಕಿದ್ರೂ ಲೆಕ್ಕಕ್ಕೆ ಇಡದೆ ನಡೀಬೇಕು. ಅವರು ಬನ್ನಿ ಅಂತಾರೆ, ನೀವು ಉಪಕಾರ ಆಯ್ತು ಅಂತೀರಿ ಅಂದ್ಮೇಲೆ ಇದು ಅವರ ಮನೆ, ನೀವು ನೆಂಟರು. ನೆಂಟರನ್ನ ಇವತ್ತು ಕರೀತಾರೆ, ನಾಳೆ ಬರಬೇಡಿ ಅಂತಾರೆ. ಆಗ ಯಾವ ಕಾನೂನೂ ನಿಮ್ಮ ಹಿಂದೆ ಬರಲ್ಲ.”

“ಹಾಗಾದ್ರೆ ನಾವು ಇಷ್ಟು ದಿನ ಕೈ ಮುಗಿದದ್ದು?”

“ನಿಮ್ಮ ಕುತ್ತಿಗೆಗೇ ಹಗ್ಗ ಹಾಕ್ಕೊಂಡ ಹಾಗಾಯ್ತು. ಮುಂದಿನ ವಾರ ಬೆಳಿಗ್ಗೆ, ಜನ ಓಡಾಡೋ ಹೊತ್ತಿಗೆ ಬರ್ತೀನಿ. ಎಲ್ಲರ ಜೊತೆ ನಡೀತೀನಿ, ಮಾತಾಡಿಸ್ತೀನಿ, ಕಂಡದ್ದನ್ನ ಬರೀತೀನಿ. ನಾನು ಅವರ ಪರಾನೂ ಅಲ್ಲ, ನಿಮ್ಮ ಪರಾನೂ ಅಲ್ಲ.”

ದೊಡ್ಡಕ್ಕನಿಗೆ ಕುಡಿದ ಟೀ ಎಲ್ಲ ಗಂಟಲಿಗೆ ಬಂದ ಹಾಗಾಯಿತು. ಆದರೂ ಒಬ್ಬರ ಮೇಲೆ ಸುಮ್ಮಸುಮ್ಮನೆ ಅನುಮಾನ ಪಡುವುದು ತಪ್ಪು ಅಂತ ಮರುದಿನ ಮಾಲೀಕನನ್ನೇ ನೇರ ಕೇಳಿದಳು. ಅವನು ಒಂದು ದೋಣಿಯ ಹೊಟ್ಟೆಗೆ ಬಣ್ಣ ಬಳಿಯುವುದನ್ನು ನೋಡುತ್ತಾ ನಿಂತಿದ್ದ.

“ಸ್ವಾಮಿ, ನೀವು ಈ ದಾರಿ ಯಾವತ್ತೂ ಮುಚ್ಚಲ್ಲ ಅಲ್ವಾ?”

“ಛೆ ಛೆ, ಏನಮ್ಮಾ ಇದು? ನಾನಿರೋವರೆಗೂ ಮುಚ್ಚಲ್ಲ.”

“ಹಾಗಿದ್ರೆ ನಕಾಶೆಗೆ ಸೇರಲಿ ಅಂತ ನೀವೇ ಮೇಡಂಗೆ ಹೇಳಿಬಿಡಿ.”

ಅವನ ನಗು ಹಾಗೇ ಇತ್ತು, ಒಂದಿಷ್ಟೂ ಮಾಸಲಿಲ್ಲ. “ಅದು ಹೇಗಾಗತ್ತೆ? ಜಾಗ ನನ್ನದು. ನಾಳೆ ಯಾರಾದ್ರೂ ಹೋಟೆಲ್ ಕಟ್ತೀವಿ ಅಂತ ಬಂದ್ರೆ, ನಡುವೆ ಊರ ದಾರಿ ಇರೋ ಜಾಗನ ಯಾರು ತಗೋತಾರೆ ಹೇಳಿ?”

“ಅವರು ತಗೊಂಡ ಮೇಲೆ?”

“ಅದು ತಗೊಂಡವರ ಇಷ್ಟ. ಅಂದ ಹಾಗೆ ನಿಮ್ಮ ಯಜಮಾನರ ಕಾಲು ಹೇಗಿದೆ? ಏನಾದ್ರೂ ಬೇಕಿದ್ರೆ ಸಂಕೋಚ ಬೇಡ.”

ಅವನು ಸುಳ್ಳುಗಾರನಲ್ಲ, ಅಷ್ಟು ಒಪ್ಪಿಕೊಳ್ಳಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ದೊಡ್ಡಕ್ಕ ಲಾಂಡ್ರಿಯವರೆಗೂ ಒಂದೇ ಉಸಿರಿಗೆ ನಡೆದಳು. ಅವಳ ಕಣ್ಣೆದುರು ಇದ್ದದ್ದು ಹೋಟೆಲ್ಲೂ ಅಲ್ಲ, ಮಾಲೀಕನೂ ಅಲ್ಲ. ಮಗಳು ಈ ವರ್ಷ ಹೈಸ್ಕೂಲು; ಬ್ಯಾಗು ಹೇರಿಕೊಂಡು, ಹಾಡು ಗುನುಗುತ್ತಾ, ಮೈಮೇಲೆ ಎಚ್ಚರವಿಲ್ಲದೆ ನಡೆಯುವ ಹುಡುಗಿ. ಆ ಹುಡುಗಿ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಪಕ್ಕ ನಡೆಯಬೇಕು. ಗಂಡನ ಕಾಲು ಕೊಟ್ಟಾಯಿತು, ಮಗಳ ಕಾಲು ಆ ರಸ್ತೆಗೆ ಕೊಡುವುದಿಲ್ಲ ಅಂತ ಅವಳು ಅಲ್ಲೇ ತೀರ್ಮಾನ ಮಾಡಿದಳು.

ಅವತ್ತೇ ಸಂಜೆ ಹೊಳೆಯ ಕಡೆಯವರನ್ನೆಲ್ಲ ಹಿತ್ತಿಲಿಗೆ ಕರೆದು ವಿಷಯ ಬಿಡಿಸಿ ಹೇಳಿದಳು. ನಾಳೆಯಿಂದ ಯಾರೂ ಟೀ ಮುಟ್ಟಬಾರದು, ಕೈ ಮುಗಿಯಬಾರದು, ಉಪಕಾರ ಅನ್ನಬಾರದು. ಬರಬೇಕು, ಹೋಗಬೇಕು, ಅಷ್ಟೇ.

“ಅಷ್ಟು ಒರಟಾಗಿ ಹೇಗಮ್ಮಾ ಹೋಗೋದು?” ಅಂದರು ಮೇಷ್ಟ್ರು. ರಿಟೈರಾಗಿ ಎಷ್ಟೋ ವರ್ಷವಾಗಿದ್ದರೂ ಇಸ್ತ್ರಿ ಮಾಡಿದ ಅಂಗಿ ಬಿಟ್ಟವರಲ್ಲ, ಬೀದಿನಾಯಿ ಅಡ್ಡ ಬಂದರೂ ‘ಸ್ವಲ್ಪ ದಾರಿ ಬಿಡಪ್ಪ’ ಅನ್ನುವವರು.

“ಅಭ್ಯಾಸ ಮಾಡ್ಕೊಳ್ಳಿ ಮೇಷ್ಟ್ರೇ. ಈಗ ನಾನೇ ಮಾಲೀಕ ಅಂದ್ಕೊಳ್ಳಿ. ನನ್ನ ಮುಂದೆ ಹಾದು ಹೋಗಿ ನೋಡೋಣ.”

ಮೇಷ್ಟ್ರು ಎದೆ ಸೆಟೆಸಿ ಹೊರಟರು. ದೊಡ್ಡಕ್ಕ ಮಾಲೀಕನ ಹಾಗೆ ಬಾಯಿ ಅಗಲಿಸಿ “ಬನ್ನಿ ಬನ್ನಿ, ಆರಾಮಾ?” ಅಂದಳೋ ಇಲ್ಲವೋ, ಮೇಷ್ಟ್ರ ಕೈ ತಾನಾಗಿ ಎದೆಗೆ ಬಂತು. “ತಮ್ಮ ಆಶೀರ್ವಾದ!” ಅಂದುಬಿಟ್ಟರು. ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಲಾಂಡ್ರಿಯಲ್ಲಿ ದೊಡ್ಡಕ್ಕನ ಎದುರು ಮೂಲೆ ಹಿಡಿಯುವ ಗುಂಡಕ್ಕ, ಮೈಯೂ ಗುಂಡು ಮಾತೂ ಗುಂಡು, “ನಾನು ತೋರಿಸ್ತೀನಿ ನೋಡಿ” ಅಂತ ಮುಂದೆ ಬಂದು, ಮೂಗು ಮುರಿದು, ದೊಡ್ಡಕ್ಕನ ಕಾಲು ತುಳಿದೇ ಹೋದಳು. ಅಷ್ಟು ಬೇಡ ಅಂತ ಅವಳಿಗೆ ಹೇಳಬೇಕಾಯಿತು. ಜಗಲಿಯ ಮೇಲೆ ಯಾರದೋ ಛತ್ರಿಯ ಕಡ್ಡಿ ತಿದ್ದುತ್ತಿದ್ದ ಗಂಡ, “ಮರ್ಯಾದೆ ಕಲಿಸೋ ಶಾಲೆ ನೋಡಿದ್ದೆ, ಮರ್ಯಾದೆ ಬಿಡಿಸೋ ಶಾಲೆ ಇದೇ ಮೊದಲು,” ಅಂದ.

ಕತ್ತಲಾಗುವ ಮೊದಲು ತಮ್ಮ ಬಂದ. ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು, ಸುದ್ದಿ ಅಂಗಳ ಮುಟ್ಟಿದೆ ಅಂತ. ಅವನು ಕೂರಲಿಲ್ಲ.

“ಏನಕ್ಕ ಇದೆಲ್ಲ? ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತ ಯಾವಾಗಿಂದ ಅನ್ನಿಸ್ತು ನಿಂಗೆ?”

“ನಿನ್ನ ಹೊಟ್ಟೆ ಸುದ್ದಿ ಎಲ್ಲಿ ಬಂತೋ?”

“ಊರ ದಾರಿ ಆದ್ಮೇಲೆ ಗೇಟೇ ಬೇಡ. ಗೇಟೇ ಬೇಡ ಅಂದ್ಮೇಲೆ ಗೇಟು ಕಾಯೋನು ಯಾಕೆ? ಎರಡು ಕೋಣೆ ಖಾಲಿ ಮಾಡು ಅಂತಾರೆ. ಅವಳಿಗೆ ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಎಲ್ಲಿಗೆ ಕರ್ಕೊಂಡು ಹೋಗ್ಲಿ?”

“ಇಲ್ಲಿಗೆ ಕರ್ಕೊಂಡು ಬಾ.”

“ಇಲ್ಲಿ ನಿಮಗೇ ಕಾಲು ಚಾಚೋಕೆ ಜಾಗ ಇಲ್ಲ!”

ಅಮ್ಮ ಹೋದಾಗ ಇವನಿಗೆ ಇನ್ನೂ ಹಾಲುಹಲ್ಲು. ದೊಡ್ಡಕ್ಕನೇ ಎತ್ತಿ ಆಡಿಸಿ, ಉಣಿಸಿ, ಮೂಗು ಒರೆಸಿ ದೊಡ್ಡವನನ್ನು ಮಾಡಿದವಳು. ಇವನು ಕಣ್ಣಲ್ಲಿ ನೀರು ತಂದರೆ ಇವಳ ಕೈಕಾಲು ಆಡುವುದಿಲ್ಲ. ಅವತ್ತೂ ಆಡಲಿಲ್ಲ. ಆದರೂ ಹೇಳಿದಳು.

“ನೀನು ಹೇಳೋದೆಲ್ಲ ಸರಿ ಕಣೋ. ನಿಂಗೆ ಕಷ್ಟ ಆಗತ್ತೆ. ನಂಗೆ ಗೊತ್ತಿಲ್ಲ ಅಂದ್ಕೋಬೇಡ. ಆದ್ರೆ ನಾನು ಬಿಡಲ್ಲ.”

“ನೀನು ಯಾವತ್ತು ಬಿಟ್ಟಿದ್ದೀಯ,” ಅಂತ ಅವನು ಧಡಾರನೆ ಬಾಗಿಲು ಎಳೆದುಕೊಂಡು ಹೋದ. ಆ ರಾತ್ರಿ ಅವಳು ಊಟ ಮುಟ್ಟಲಿಲ್ಲ. ಗಂಡ ತಾನು ಬೇರೆಲ್ಲೋ ನೋಡುತ್ತಾ ತಟ್ಟೆಯನ್ನು ಅವಳ ಕಡೆಗೆ ಸರಿಸಿದ, ಅವಳು ಮತ್ತೆ ಅವನ ಕಡೆಗೆ ಸರಿಸಿದಳು.

ಮೇಡಂ ಬರುವ ಬೆಳಿಗ್ಗೆ ಕಟ್ಟೆಯ ಮೇಲೆ ಮಾಮೂಲಿಗಿಂತ ಹೆಚ್ಚು ಜನ. ಲಾಂಡ್ರಿಯವರು, ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟ ಹೆಂಗಸರು, ಕೋಲು ಹಿಡಿದು ಗಾಳಿ ತಿನ್ನಲು ಹೊರಟ ಮೇಷ್ಟ್ರು. ಗಂಡನಿಗೆ ಮಾತ್ರ ಮನೆಯಲ್ಲೇ ಇರಿ ಅಂತ ದೊಡ್ಡಕ್ಕ ಕಟ್ಟುನಿಟ್ಟಾಗಿ ಹೇಳಿ ಬಂದಿದ್ದಳು. ಕಾಲಿಗೆ ಪೆಟ್ಟಾದ ಮೇಲೆ ಅವನು ಈ ದಾರಿಗೆ ಬಂದವನೇ ಅಲ್ಲ. ಮೇಡಂ ಹಿಂದಿನಿಂದ ಬರುತ್ತಾ ಒಬ್ಬೊಬ್ಬರನ್ನೇ ಮಾತಾಡಿಸುತ್ತಿದ್ದರು. ಎಲ್ಲರೂ ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದರು: ನಮ್ಮ ದಾರಿ, ಹೋಗ್ತೀವಿ, ಬರ್ತೀವಿ. ದೊಡ್ಡಕ್ಕನ ಎದೆ ಒಂದಿಷ್ಟು ಹಗುರಾಗುತ್ತಾ ಬಂತು.

ಗಿಡಗಳ ಸಾಲು ತಿರುಗಿದರೆ, ಗೇಟು ಹಾಕಿತ್ತು.

ಎದೆಯೆತ್ತರದ ಕಬ್ಬಿಣದ ಗೇಟು. ಕೊಂಡಿಗೆ ಸರಪಳಿ, ಸರಪಳಿಗೆ ಬೀಗ. ಗೇಟಿನ ಆಚೆ ತಮ್ಮ ಕೀ ಹಿಡಿದು ನಿಂತಿದ್ದ. ಅವನ ಹಿಂದೆ ಮಾಲೀಕ, ಇಸ್ತ್ರಿ ಅಂಗಿ, ಅದೇ ನಗು. ಮೇಜಿನ ಮೇಲೆ ಸಾಲಾಗಿ ಟೀ ಕಪ್ಪು. “ಬನ್ನಿ ಬನ್ನಿ. ಮೇಡಂ, ನಮಸ್ಕಾರ. ನಮ್ಮಲ್ಲಿ ದಿನಾ ಹೀಗೇ. ಜನ ಬರ್ತಾರೆ, ನಾವು ತೆಗೀತೀವಿ, ಒಂದು ಟೀ ಕುಡಿದು ಹೋಗ್ತಾರೆ. ತೆಗಿಯಪ್ಪ.”

ಲೆಕ್ಕಾಚಾರ ಎಂಥದ್ದು ಅಂತ ನೋಡಿ! ಜನ ಗೇಟಿನ ಮುಂದೆ ನಿಂತಾಗಿದೆ, ಒಳಗಿನವನು ತೆಗೆಯುವುದಷ್ಟೇ ಬಾಕಿ. ಎಲ್ಲರೂ ಅಭ್ಯಾಸಬಲದಿಂದ ಒಬ್ಬರ ಹಿಂದೆ ಒಬ್ಬರು ಸಾಲು ಹಿಡಿದುಬಿಟ್ಟಿದ್ದರು. ಮೇಷ್ಟ್ರು ತಡೆದುಕೊಳ್ಳಲಾರದೆ, “ದೊಡ್ಡ ಮನಸ್ಸು ನಿಮ್ಮದು,” ಅಂದು, ಅಂದಮೇಲೆ ನಾಲಗೆ ಕಚ್ಚಿಕೊಂಡರು. ಮೇಡಂ ಏನೋ ಬರೆದುಕೊಂಡರು. ದೊಡ್ಡಕ್ಕ ಆ ಪೆನ್ನು ಓಡುವುದನ್ನೇ ನೋಡಿದಳು.

ತಮ್ಮ ಬೀಗಕ್ಕೆ ಕೈ ಹಾಕಿದ. “ತಾಳಕ್ಕ, ತೆಗೀತೀನಿ.”

“ತೆಗೀಬೇಡ!”

ಅವಳ ದನಿ ಎಷ್ಟು ಜೋರಾಗಿತ್ತೆಂದರೆ ದೋಣಿಯ ಮೇಲೆ ಕೂತಿದ್ದ ಹಕ್ಕಿಗಳು ಎದ್ದವು. “ನೀನು ತೆಗೆದ್ರೆ ನಾವು ನಿಮ್ಮನ್ನ ಕೇಳಿ ಬಂದ ಹಾಗಾಯ್ತು. ನಂಗೆ ದಾರಿ ಬೇಕು ಕಣೋ, ದಯೆ ಬೇಡ. ಬೀಗ ಮುಟ್ಟಬೇಡ.”

“ಅಕ್ಕ, ಜನ ನೋಡ್ತಿದ್ದಾರೆ...”

“ನೋಡ್ಲಿ ಅಂತಾನೇ ಬಂದಿದ್ದೀನಿ.”

ಬ್ಯಾಗನ್ನು ಗೇಟಿನ ಆಚೆ ಎಸೆದಳು, ಚಪ್ಪಲಿ ಎಸೆದಳು, ಬಟ್ಟೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕೆಳಗಿನ ಸರಳಿನ ಮೇಲೆ ಕಾಲಿಟ್ಟಳು. ಗೇಟು ಹತ್ತಿ ಯಾವ ಕಾಲವಾಗಿತ್ತೋ. ಮೇಲೆ ಹೋದಾಗ ಒಂದು ಕ್ಷಣ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಗೇಟು ಗಡಗಡ ಅಲ್ಲಾಡಿತು, ಯಾರೋ ಕಿಸಕ್ಕನೆ ನಕ್ಕರು, ಏನೋ ಪರ್ರನೆ ಹರಿಯಿತು. ಅವಳು ಆ ಕಡೆ ಧೊಪ್ಪನೆ ಬಿದ್ದಳು. ಅಂಗೈ ತರಚಿ ರಕ್ತ ಬಂತು. ಎದ್ದು ಮಣ್ಣು ಕೊಡವಿಕೊಂಡು ನಿಂತು, ಈ ಕಡೆಯವರನ್ನು ನೋಡಿದಳು.

ಮುಂದಿನದು ನೋಡಲು ಸಿಕ್ಕವರು ಪುಣ್ಯವಂತರು. ಗುಂಡಕ್ಕ “ಹಿಡ್ಕೊಳ್ರೇ ನನ್ನ!” ಅಂತ ಕೂಗುತ್ತಾ ಹತ್ತಿ, ಮೇಲೆ ಸಿಕ್ಕಿಕೊಂಡು, ಇಬ್ಬರು ಹಿಂದಿನಿಂದ ತಳ್ಳಿ, ದೊಡ್ಡಕ್ಕ ಮುಂದಿನಿಂದ ಎಳೆದು ಕೆಳಗಿಳಿಸಿದರು. ಮೇಷ್ಟ್ರು ಕೋಲನ್ನು ಬಗಲಲ್ಲಿಟ್ಟು, ಆಡಿದ ಮಾತಿಗೆ ಪ್ರಾಯಶ್ಚಿತ್ತವೋ ಎಂಬಂತೆ ಯಾರ ಸಹಾಯವೂ ಇಲ್ಲದೆ ದಾಟಿದರು. ದೊಡ್ಡಕ್ಕನ ಮಗಳು ಒಂದೇ ಜಿಗಿತಕ್ಕೆ ಹಾರಿ, “ಅಮ್ಮ, ಬೆಲ್ ಆಯ್ತು” ಅಂತ ಹಿಂದೆ ಕೂಡ ನೋಡದೆ ಓಡಿದಳು. ಅವಳಿಗೆ ಗೇಟು, ನಕಾಶೆ, ಮಾಲೀಕ ಯಾವುದೂ ತಲೆಯಲ್ಲಿರಲಿಲ್ಲ. ಮಾಲೀಕನ ನಗು ಮೊದಲ ಸಲ ಒಂದಿಷ್ಟು ಸಡಿಲವಾಯಿತು.

ಎಲ್ಲರೂ ದಾಟಿದ ಮೇಲೆ ಗಿಡಗಳ ಸಾಲಿನ ತಿರುವಿನಲ್ಲಿ ಊರುಗೋಲಿನ ಸದ್ದು ಕೇಳಿತು. ದೊಡ್ಡಕ್ಕನ ಗಂಡ. ಬೆವರಿ ತೊಯ್ದುಹೋಗಿದ್ದ. ಒಂದು ಹೆಜ್ಜೆ ಇಡುತ್ತಾನೆ, ಎಡಗಾಲನ್ನು ಎಳೆದುಕೊಳ್ಳುತ್ತಾನೆ, ನಿಲ್ಲುತ್ತಾನೆ. ಮನೆಯಿಂದ ಇಲ್ಲಿಯವರೆಗೆ ಹಾಗೇ ಬಂದಿದ್ದ. ದೊಡ್ಡಕ್ಕನಿಗೆ ಸಿಟ್ಟೂ ಬಂತು, ಅಳುವೂ ಬಂತು.

“ಮನೇಲಿರಿ ಅಂದಿದ್ನಲ್ಲ ರೀ!”

“ಮನೇಲಿದ್ದೂ ಇದ್ದೂ ಬೇಜಾರಾಯ್ತು ಕಣೇ,” ಅಂದ ಅವನು, ಗೇಟಿನ ಸರಳು ಹಿಡಿದು ಉಸಿರು ತೆಗೆದುಕೊಳ್ಳುತ್ತಾ.

ಮಾಲೀಕ ಮುಂದೆ ಬಂದ. ದನಿಯಲ್ಲಿ ನಿಜವಾಗಿಯೂ ಮರುಕ ಇತ್ತು. “ಪಾಪ, ಇವರು ಹೇಗೆ ಹತ್ತಬೇಕು? ಇವರೊಬ್ಬರಿಗಾದ್ರೂ ತೆಗಿಯಪ್ಪ. ಅಮ್ಮಾ, ಹಟಕ್ಕೂ ಒಂದು ಮಿತಿ ಇರತ್ತೆ.” ತಮ್ಮ ಕೀಯನ್ನು ಬೀಗದೊಳಗೆ ತೂರಿಸಿದ.

ನೆರೆದವರೆಲ್ಲ ದೊಡ್ಡಕ್ಕನ ಮುಖ ನೋಡಿದರು. ಹೊಳೆಯ ಕಡೆಯೇ ಉಳಿದಿದ್ದ ಮೇಡಂ ಕೂಡ ಪೆನ್ನು ಹಿಡಿದು ನೋಡುತ್ತಿದ್ದರು. ಗಂಡ ನೋವಿಗೆ ದವಡೆ ಕಚ್ಚಿ ಹಿಡಿದದ್ದು ಇವಳಿಗೆ ಕಾಣುತ್ತಿತ್ತು. ಒಂದು ಹ್ಞೂಂ ಅಂದರೆ ಸಾಕು, ಅವನು ಒಳಗೆ ಬಂದು ಬೆಂಚಿನ ಮೇಲೆ ಕೂರಬಹುದು. ಬಾಗಿಲು ತೆಗೆಸಿಕೊಂಡು ಕೂತವನನ್ನು ಇನ್ನೊಂದು ದಿನ ಎಬ್ಬಿಸಿ ಕಳಿಸಬಹುದು, ಆಮೇಲೆ ಮಗಳನ್ನೂ ಕಳಿಸಬಹುದು.

“ತೆಗೀಬೇಡ,” ಅಂದಳು. ಈ ಸಲ ದನಿ ಎದ್ದಿರಲಿಲ್ಲ.

“ಎಂಥ ಹೆಂಗಸಪ್ಪ ಇವಳು,” ಅಂತ ಹಿಂದಿನಿಂದ ಯಾರೋ ಅಂದದ್ದು ಸ್ಪಷ್ಟವಾಗಿ ಕೇಳಿಸಿತು.

ಗಂಡ ಭಾವಮೈದುನನ ಕಡೆ ತಿರುಗಿದ. “ನಿಮ್ಮಕ್ಕ ಹೇಳಿದ್ದು ಕೇಳಿಸ್ಲಿಲ್ವೇನೋ? ತೆಗೀಬೇಡ.” ಅಷ್ಟು ಹೇಳಿ ಊರುಗೋಲನ್ನು ಎತ್ತಿ ಗೇಟಿನ ಆಚೆ ಎಸೆದ. ಅದು ದೊಡ್ಡಕ್ಕನ ಕಾಲ ಬಳಿ ಬಂದು ಬಿತ್ತು. ಈಗ ಅವನು ಮುಂದೆ ಬರಲಾರ, ಹಿಂದೆ ಹೋಗಲೂ ಆರ. ಎರಡು ಕೈಯಲ್ಲಿ ಸರಳು ಹಿಡಿದು, ಬಲಗಾಲನ್ನು ಮೇಲಿಡಲು ನೋಡಿದ. ಎಡಗಾಲು ಭಾರ ಹೊರಲಿಲ್ಲ. ಜಾರಿದ. ಮತ್ತೆ ಹಿಡಿದ. ಮತ್ತೆ ಜಾರಿದ.

ತಮ್ಮ ಬೀಗದಿಂದ ಕೀ ಹೊರಗೆಳೆದ. ಅದನ್ನು ಒಂದು ಸಲ ನೋಡಿ, ಹಿಂದೆ ತಿರುಗಿ, ಮಾಲೀಕನ ಕೈಗೆ ಇಟ್ಟ.

“ತಗೊಳ್ಳಿ ಸರ್. ಇನ್ನು ನಾನು ನಿಮ್ಮ ಗೇಟು ಕಾಯೋನಲ್ಲ.”

“ಏನೋ ಇದು? ಯೋಚನೆ ಮಾಡಿ ಮಾತಾಡು. ನಿನ್ನ ಮನೆ...”

“ಸಂಜೆಯೊಳಗೆ ಖಾಲಿ ಮಾಡ್ತೀನಿ ಸರ್.”

ಅವನು ಗೇಟು ಹತ್ತಿ ಆಚೆ ಹಾರಿ, ಹೊಳೆಯ ಕಡೆ ಭಾವನ ಪಕ್ಕ ನಿಂತ. “ಭಾವ, ಒಂದು ಹೆಜ್ಜೆ ಸರೀರಿ.” ಬಗ್ಗಿ, ಬೀಗ ಇಲ್ಲದ ಬದಿಯಲ್ಲಿ, ಗೇಟು ಕಂಬಕ್ಕೆ ತೂಗುವ ಗೂಟದ ಕಡೆ, ಕೆಳಗಿನ ಸರಳಿಗೆ ಎರಡೂ ಕೈ ಹಾಕಿದ. ದಿನಾ ತೆಗೆದು ಹಾಕಿ ಮಾಡುವವನಿಗೆ ಆ ಗೇಟು ಎಲ್ಲಿ ಸಡಿಲ ಅಂತ ಗೊತ್ತಿಲ್ಲದೆ ಇರುತ್ತದೆಯೇ? ಎತ್ತಿದ. ಕುತ್ತಿಗೆಯ ನರ ಉಬ್ಬಿತು, ಗೇಟು ಒಂದಿಷ್ಟೇ ಎದ್ದಿತು. ಅಂಗಳದ ಕಡೆಯಿಂದ ದೊಡ್ಡಕ್ಕ ಓಡಿಬಂದು ಕೈ ಹಾಕಿದಳು, ತರಚಿದ ಅಂಗೈ ಉರಿಯಿತು. ಗುಂಡಕ್ಕ ಅವಳ ಪಕ್ಕದಲ್ಲಿ ಹಿಡಿದಳು, ಮೇಷ್ಟ್ರು ಇಸ್ತ್ರಿ ಅಂಗಿಯ ತೋಳು ಮಡಿಚಿದರು. “ಒಂದೇ ಸಲ, ಹ್ಞಾಂ!” ಅಂದಳು ದೊಡ್ಡಕ್ಕ. ಗೇಟು ಕಿರ್ರೆಂದು ಗೂಟ ಬಿಟ್ಟು ಮೇಲೆದ್ದಿತು. ನಾಲ್ಕು ಜನ ಅದನ್ನು ಹೊತ್ತು, ಸರಪಳಿ ಕಟ್ಟಿದ್ದ ಕಂಬದ ಕಡೆಗೇ ತಿರುಗಿಸಿ, ಪಕ್ಕದ ಗೋಡೆಗೆ ಒರಗಿಸಿದರು. ಸರಪಳಿಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು.

ಅಕ್ಕನಿಗೂ ತಮ್ಮನಿಗೂ ನಡುವೆ ಈಗ ಏನೂ ಇರಲಿಲ್ಲ. ಅವಳು ಅವನ ಕೆನ್ನೆ ಮುಟ್ಟಿದಳು, ಕೆನ್ನೆಗೆ ರಕ್ತ ಮೆತ್ತಿತು. “ನಿನ್ನ ಹೆಂಡ್ತಿಗೆ ನಾನು ಹೇಳ್ತೀನಿ ಕಣೋ,” ಅಂದಳು.

“ಬೈತಾಳೆ,” ಅಂದ ಅವನು.

“ಬೈಲಿ. ನಂಗೇ ಬೈಲಿ. ಮಗು ನಮ್ಮನೇಲೇ ಹುಟ್ಲಿ.”

ದೊಡ್ಡಕ್ಕ ಕೋಲು ಎತ್ತಿಕೊಂಡು ಬಂದು ಗಂಡನ ಕೈಗೆ ಕೊಟ್ಟಳು. ತೋಳು ಹಿಡಿಯಲು ಹೋದಳು, ಅವನು ಬೇಡ ಅಂತ ತಲೆಯಾಡಿಸಿದ. ಗೇಟು ಇದ್ದ ಜಾಗವನ್ನು ಅವನು ಬಹಳ ನಿಧಾನವಾಗಿ ದಾಟಿದ. ಮೇಜಿನ ಮೇಲಿನ ಟೀ ಆರಿ ಕೆನೆಗಟ್ಟಿತ್ತು. ಟೋಪಿ ಮೇಡಂ ಅವನ ಹಿಂದೆಯೇ ದಾಟಿ, ಪೆನ್ನು ಹಿಡಿದು ಅವನ ಎದುರು ಬಂದರು. ಎಲ್ಲರನ್ನೂ ಕೇಳಿದ ಪ್ರಶ್ನೆಯನ್ನೇ ಅವನನ್ನೂ ಕೇಳಲೇಬೇಕಿತ್ತು.

“ಈ ದಾರೀಲಿ ಬರೋಕೆ ನೀವು ಯಾರನ್ನ ಕೇಳಿದ್ರಿ?”

ಅವನು ಕೋಲಿನ ಮೇಲೆ ಭಾರ ಹಾಕಿ, ಸುಧಾರಿಸಿಕೊಂಡು, ಎದುರಿನ ಕಡಲನ್ನು ನೋಡಿದ.

“ಒಂದು ಸಲ ಕೇಳಿದ್ದೆ ಮೇಡಂ. ಇದೇ ಗೇಟಿನ ಮುಂದೆ ನಿಂತು, ಎರಡೆರಡು ಸಲ ಕೇಳಿದೆ. ಆಗಲ್ಲ ಅಂದ್ರು, ಹೆದ್ದಾರಿಗೆ ಹೋದೆ.” ಎಡಗಾಲಿನ ಕಡೆ ಗದ್ದ ತೋರಿಸಿದ. “ಇವತ್ತು ಯಾರನ್ನೂ ಕೇಳ್ಲಿಲ್ಲ.”

ಮೇಡಂ ಅದನ್ನು ಅವನು ಹೇಳಿದ ಹಾಗೇ ಬರೆದುಕೊಂಡರು. ಅವನು ಆಗಲೇ ಕಡಲ ಕಡೆ ಮುಂದಿನ ಹೆಜ್ಜೆ ಇಟ್ಟಿದ್ದ.